ಉಗುರಿನಲ್ಲಿ ಹೋಗುವ ಕಳೆ



ಮನೆಯ ಹುಲ್ಲುಹಾಸು ಮತ್ತು ಹೂವಿನ ಪಾತಿಗಳಲ್ಲಿ ವಿಷ ಬಳಸದೆ ಕಳೆಯನ್ನು ಹತೋಟಿಯಲ್ಲಿಡುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಮರುಭೂಮಿಯಲ್ಲಿ ಕಳೆಯ ಮಾತೇ ಎಂದು ಕೆಲವರಿಗೆ ನಗು ಬರಬಹುದು. ಅಲ್ ಸದ್ದ್‌ನ ವಿಲ್ಲಾಗಳಲ್ಲಿ ಒಂದು ಪಾತಿಯಷ್ಟಾದರೂ ಮಣ್ಣು ಇಟ್ಟುಕೊಂಡವರು ಮಾತ್ರ ನಗುವುದಿಲ್ಲ.

ಕತಾರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರ್‌ಗೂ ಕಡಿಮೆ. ಆ ನೀರು ಹರಿದು ಬಂದು ನಿಲ್ಲುವ ತಗ್ಗು ನೆಲವನ್ನು ಇಲ್ಲಿನವರು ರೌದಾ ಎನ್ನುತ್ತಾರೆ. ನಾವೆಲ್ಲ ಓಡಾಡುವ ರೌದತ್ ಅಲ್ ಖೈಲ್ ಎಂಬ ಹೆಸರಿನಲ್ಲಿರುವುದೂ ಅದೇ ಪದ. ಬೇಸಿಗೆಯಲ್ಲಿ ಬರಡಾಗಿ ಕಾಣುವ ಆ ನೆಲ ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಹಸಿರಾಗುತ್ತದೆ. ಬೀಜಗಳು ಅಲ್ಲೇ ಮಣ್ಣಿನಲ್ಲಿ ಕಾದು ಮಲಗಿರುತ್ತವೆ. ದಿನಾ ನೀರು ಬಿಡುವ ನಮ್ಮ ಅಂಗಳ ವರ್ಷವಿಡೀ ತೆರೆದಿಟ್ಟ ರೌದಾ ಇದ್ದಂತೆ. ನೀರು ಎಲ್ಲಿದೆಯೋ ಕಳೆ ಅಲ್ಲಿದೆ.

ಕಳೆ ಎಂದರೆ ಯಾವುದು? ಗಣಪತಿಗೆ ಏರಿಸುವ ಗರಿಕೆಯನ್ನೇ ನೋಡಿ. ಗಲ್ಫ್‌ನ ಅನೇಕ ಅಂಗಳಗಳಲ್ಲಿ ಹುಲ್ಲುಹಾಸಾಗಿ ಬೆಳೆಸುವ ಬರ್ಮುಡಾ ಹುಲ್ಲು ಅದೇ ಗರಿಕೆಯ ಜಾತಿ. ಹುಲ್ಲುಹಾಸಿನಲ್ಲಿ ಅದು ಬೆಳೆ, ಪಕ್ಕದ ಗುಲಾಬಿ ಪಾತಿಗೆ ನುಗ್ಗಿದರೆ ಕಳೆ. ತಾನಾಗಿ ಹುಟ್ಟುವ ಗೋಣಿಸೊಪ್ಪು ನಮ್ಮ ಸಾರಿಗೂ ಆಗುತ್ತದೆ, ಅರಬ್ಬರ ಸಲಾಡ್‌ಗೂ ಆಗುತ್ತದೆ. ಹಳೇ ಮೈಸೂರು ಕಡೆಯ ಹೆಂಗಸರು ಹೊಲದ ಕಳೆಯಲ್ಲೇ ಆರಿಸಿ ಬೆರಕೆ ಸೊಪ್ಪು ತರುವುದು ನಿಮಗೆಲ್ಲ ಗೊತ್ತಿದೆ. ಒಂದು ಎಚ್ಚರಿಕೆ: ಗುರುತು ಖಚಿತವಿಲ್ಲದ ಸೊಪ್ಪನ್ನೂ, ಔಷಧಿ ಹೊಡೆದ ಜಾಗದ ಸೊಪ್ಪನ್ನೂ ಅಡುಗೆಮನೆಗೆ ತರಬೇಡಿ.

ಸುಲಭದ ದಾರಿ ಅಂಗಡಿಯಲ್ಲಿ ಸಿಗುವ ಕಳೆನಾಶಕ. ಹೆಚ್ಚು ಬಳಕೆಯಲ್ಲಿರುವ ಗ್ಲೈಫೋಸೇಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಒಪ್ಪಿಲ್ಲ. ಆ ವಾದ ಅವರಿಗಿರಲಿ. ನಮ್ಮ ಅಂಗಳದಲ್ಲಿ ಬರಿಗಾಲಲ್ಲಿ ಆಡುವುದು ನಮ್ಮ ಮಕ್ಕಳು. ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು, ಕೈಗವಸು ಇಲ್ಲದೆ, ಮೂಗಿಗೆ ಕರವಸ್ತ್ರ ಕಟ್ಟಿ ಹೊಡೆಯುವವನು ಊರು ಬಿಟ್ಟು ದುಡಿಯಲು ಬಂದ ಒಬ್ಬ ತಮ್ಮ.

ಹಾಗೆಂದು ವಿಷ ಬೇಡ, ಅವನೇ ಕೂತು ಕೈಯಲ್ಲಿ ಕೀಳಲಿ ಎಂದರೆ ಅದು ಸಾವಯವವೂ ಅಲ್ಲ, ಮನುಷ್ಯತ್ವವೂ ಅಲ್ಲ. ಕತಾರ್‌ನಲ್ಲಿ 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಬಿಸಿಲಿನ ಕೆಲಸ ಮಾಡಿಸುವಂತಿಲ್ಲ. ಆ ನಿಯಮದ ಆಶಯ ನಮ್ಮ ಮನೆಯ ಗೇಟಿನೊಳಗೂ ಇರಲಿ. ವಿಷವೂ ಬೇಡ, ಇನ್ನೊಬ್ಬರ ಬೆನ್ನು ಬಿಸಿಲಿಗೆ ಒಡ್ಡುವುದೂ ಬೇಡ ಎಂದಾದರೆ ಉಳಿಯುವುದು ಒಂದೇ ದಾರಿ: ಕಳೆ ಹುಟ್ಟದಂತೆ ನೋಡಿಕೊಳ್ಳುವುದು.

ಮೊದಲನೆಯದು ನೀರು. ಪೈಪ್ ಹಿಡಿದು ಇಡೀ ಪಾತಿ ತೋಯಿಸಿದರೆ ಗಿಡಕ್ಕಿಂತ ಕಳೆಗೇ ಹೆಚ್ಚು ಕುಡಿಸಿದಂತೆ. ಪಾತಿಗಳಿಗೆ ಹನಿ ನೀರಾವರಿ ಹಾಕಿಸಿ. ಗಿಡದ ಬುಡ ಒದ್ದೆ, ಉಳಿದ ಮಣ್ಣು ಒಣ. ಒಣ ಮಣ್ಣಿನಲ್ಲಿ ಬೀಜ ಮೊಳೆಯುವುದಿಲ್ಲ. ಕಡಲ ನೀರನ್ನು ಸಿಹಿ ಮಾಡಿ ಕುಡಿಯುವ ದೇಶದಲ್ಲಿ ಇದು ದೊಡ್ಡ ಉಳಿತಾಯ ಕೂಡ.

ಎರಡನೆಯದು ಹೊದಿಕೆ. ಬರಿ ಮಣ್ಣು ಕಂಡಲ್ಲಿ ಕಳೆ ಬರುತ್ತದೆ. ಒಣಗಿದ ಖರ್ಜೂರದ ಗರಿಯನ್ನು ಚೂರು ಮಾಡಿ, ಅಥವಾ ಒಣ ಎಲೆ, ಮರದ ಚಕ್ಕೆಗಳನ್ನು ಮೂರು ನಾಲ್ಕು ಅಂಗುಲ ದಪ್ಪ ಹಾಸಿ. ಬೆಳಕಿಲ್ಲದೆ ಸಣ್ಣ ಬೀಜಗಳು ಸೊರಗುತ್ತವೆ. ಗಿಡದ ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆತೀತು.

ಮೂರನೆಯದು ಗೊಬ್ಬರ. ಚೀಲದಲ್ಲಿ ತರುವ ಕುರಿ ಗೊಬ್ಬರ ಹಸಿಯಾಗಿದ್ದರೆ ಅದರ ಜೊತೆ ಕಳೆಯ ಬೀಜವನ್ನೂ ಕೊಂಡು ತಂದಂತೆ. ಗೊಬ್ಬರದ ರಾಶಿ ಒಳಗೆ 55ರಿಂದ 60 ಡಿಗ್ರಿವರೆಗೆ ಕಾದು, ಮಗುಚಿ ಮಗುಚಿ ಮಾಗಿದ್ದರೆ ಹೆಚ್ಚಿನ ಬೀಜಗಳು ಸತ್ತಿರುತ್ತವೆ. ಮಣ್ಣಿನ ವಾಸನೆ ಬರುವ, ಪುಡಿಪುಡಿಯಾದ ಗೊಬ್ಬರವನ್ನೇ ಆರಿಸಿ.

ಹುಲ್ಲುಹಾಸಿಗೆ ಮದ್ದು ಹುಲ್ಲೇ. ನೆಲ ಕಾಣುವಷ್ಟು ಬೋಳಿಸಿದರೆ ಬಿಸಿಲು ಮಣ್ಣಿಗೆ ಇಳಿದು ಕಳೆ ಏಳುತ್ತದೆ. ಸ್ವಲ್ಪ ಎತ್ತರವಾಗಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ ಬಿಡಿ. ದಿನಾ ಚಿಮುಕಿಸುವ ಬದಲು ಹವಾಮಾನ ನೋಡಿ ಬಿಟ್ಟು ಬಿಟ್ಟು, ಆಳಕ್ಕೆ ಇಳಿಯುವಂತೆ ನೀರು ಕೊಡಿ. ಬೋಳಾದ ಕಡೆ ಹುಲ್ಲಿನ ತುಂಡುಗಳನ್ನು ಕೂಡಲೇ ನಾಟಿ ಮಾಡಿ.

ಇನ್ನು ಮುಖ್ಯ ವಿಷಯ. ನಮ್ಮ ರೈತರು ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡುತ್ತಾರೆ. ಮಗುಚಿದ ಮಣ್ಣಿನಲ್ಲಿ ಕಳೆಯ ಬೇರು, ಹುಳದ ಕೋಶ ಬಿಸಿಲಿಗೆ ಬಿದ್ದು ಒಣಗುತ್ತವೆ. ಬಿಸಿಲನ್ನೇ ಇನ್ನೊಂದು ರೀತಿಯಲ್ಲಿ ದುಡಿಸುವ ವಿಧಾನವನ್ನು ಇಸ್ರೇಲ್‌ನ ವಿಜ್ಞಾನಿ ಯಾಕೊವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು: ಒದ್ದೆ ಮಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬೇಯಿಸುವುದು. ಜುಲೈ ತಿಂಗಳಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆ ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಬೇಕಾಗಿಲ್ಲ.

ಮಕ್ಕಳಿಗೆ ರಜೆ ಸಿಕ್ಕಿ ನಾವು ಊರಿಗೆ ಹೊರಡುವ ಹೊತ್ತಿಗೆ ಖಾಲಿ ಪಾತಿಯನ್ನು ಅಗೆದು, ಸಮ ಮಾಡಿ, ಚೆನ್ನಾಗಿ ನೀರು ಉಣಿಸಿ. ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ, ಆಚೆ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಎಳೆದು ಹಾಸಿ. ಶಮಾಲ್ ಗಾಳಿ ಎತ್ತಿಕೊಂಡು ಹೋಗದಂತೆ ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂಳಿ. ನಾಲ್ಕರಿಂದ ಆರು ವಾರ ಹಾಗೇ ಇರಲಿ. ನಾವು ಊರಿನಲ್ಲಿ ಮಳೆ ನೋಡುತ್ತಿರುವಾಗ ಇಲ್ಲಿ ಬಿಸಿಲು ನಮ್ಮ ಕಳೆ ಕೀಳುತ್ತಿರುತ್ತದೆ; ಯಾರೂ ಬಗ್ಗಬೇಕಾಗಿಲ್ಲ. ಬಂದ ಮೇಲೆ ಹಾಳೆ ತೆಗೆದು ಮಣ್ಣನ್ನು ಆಳಕ್ಕೆ ಅಗೆಯಬೇಡಿ. ಕೆಳಗಿನ ಬೀಜ ಮೇಲೆ ಬರುತ್ತದೆ. ಅಕ್ಟೋಬರ್‌ನಲ್ಲಿ ನೇರ ಬಿತ್ತನೆ ಮಾಡಿ. ಜೀವಂತ ಹುಲ್ಲುಹಾಸಿನ ಮೇಲೆ ಮಾತ್ರ ಇದನ್ನು ಮಾಡಬೇಡಿ, ಹುಲ್ಲೂ ಬೆಂದುಹೋಗುತ್ತದೆ.

ಇದಕ್ಕೂ ಪೂರ್ತಿ ಬಗ್ಗದವನೊಬ್ಬನಿದ್ದಾನೆ, ಅದು ಜೇಕು, ಅಂದರೆ ತುಂಗೆಗಡ್ಡೆ. ಎಲೆ ಎಳೆದರೆ ಗಡ್ಡೆ ಕೆಳಗೇ ಉಳಿಯುತ್ತದೆ. ಕುರ್ಪಿಯಿಂದ ಸುತ್ತಲೂ ಸಡಿಲಿಸಿ ಗಡ್ಡೆ ಸಮೇತ ತೆಗೆಯಬೇಕು, ಮತ್ತೆ ಚಿಗುರಿದರೆ ಎರಡು ಮೂರು ವಾರದೊಳಗೆ ಮತ್ತೆ ತೆಗೆಯಬೇಕು. ಕುಂಡದ ಮಣ್ಣಾದರೆ ಜರಡಿ ಹಿಡಿಯಿರಿ. ತೆಗೆದ ಗಡ್ಡೆ ಗೊಬ್ಬರದ ಗುಂಡಿಗೆ ಬೇಡ.

ಮನೆಮದ್ದುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಅಡುಗೆಯ ವಿನೆಗರ್ ಎಳೆಯ ಎಲೆಯನ್ನು ಸುಡುತ್ತದೆ, ಬೇರನ್ನಲ್ಲ. ಕಲ್ಲುಹಾಸಿನ ಸಂದಿಗೆ ಕುದಿಯುವ ನೀರು ಸಾಕು, ಮಕ್ಕಳು ದೂರವಿರಲಿ. ಉಪ್ಪನ್ನು ಮಾತ್ರ ಖಂಡಿತ ಹಾಕಬೇಡಿ. ಇಲ್ಲಿನ ಮಣ್ಣಿಗೆ ಉಪ್ಪಿನ ಕಾಟ ಮೊದಲೇ ಇದೆ. ಹಾಕಿದ ಉಪ್ಪು ಮಳೆಯಿಲ್ಲದ ನಾಡಿನಲ್ಲಿ ತೊಳೆದು ಹೋಗುವುದಿಲ್ಲ.

ನಮ್ಮೂರಿನ ಕಾಂಗ್ರೆಸ್ ಹುಲ್ಲನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ಬೋಳಿಸುತ್ತದೆ, ಆದರೂ ಹುಲ್ಲು ನಿರ್ನಾಮವಾಗಿಲ್ಲ. ಇದರಲ್ಲೊಂದು ಪಾಠವಿದೆ. ಒಮ್ಮೆ ಹರಡಿದ ಕಳೆಗೆ ಒಂದೇ ಏಟಿನ ಮದ್ದು ಇಲ್ಲ. ಹರಡುವ ಮುಂಚೆ ನೋಡಿಕೊಳ್ಳುವುದೇ ಜಾಣತನ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಎರಡು ಎಲೆಯ ಕಳೆ ಉಗುರಿನಲ್ಲೇ ಹೋಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ, ನೀರು ಬಿಟ್ಟ ಮಣ್ಣು ಮೆತ್ತಗಿರುವಾಗ, ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷ ಅಂಗಳಕ್ಕೆ ಇಳಿಯಿರಿ. ಹೂ ಬಿಟ್ಟು ಬೀಜ ಕಟ್ಟುವ ಮೊದಲು ಕಿತ್ತರೆ ಮುಂದಿನ ವರ್ಷದ ಕೆಲಸವೂ ಇಂದೇ ಮುಗಿಯಿತು. ತೋಟಕ್ಕೆ ಬರುವ ಆ ತಮ್ಮನಿಗೆ ಒಂದು ಜೊತೆ ಕೈಗವಸು, ನೆರಳಿನಲ್ಲಿ ಕೂರಲು ಜಾಗ, ಒಂದು ತಂಬಿಗೆ ತಣ್ಣೀರು ಕೊಡಿ. ನಾವು ಇಲ್ಲಿ ಸೇರಿರುವುದು ಸೇವೆಗಾಗಿ ತಾನೇ? ಅದು ನಮ್ಮ ಅಂಗಳದಿಂದಲೇ ಶುರುವಾಗಲಿ.

 ಜೈ ಕರ್ನಾಟಕ.