ಆಟಿ ಮುಗಿದ ಮೇಲೊಂದು ಹಬ್ಬ



ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಚರಿಸುವ ಜೂನ್‌ಟೀಂತ್ ಹಬ್ಬದ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದರು. ಒಪ್ಪಿಕೊಂಡೆ. ಆದರೆ ಉಡುಪಿಯಿಂದ ಟೆಕ್ಸಾಸಿಗೆ ಹೋಗಲು ನನಗೆ ಗೊತ್ತಿರುವುದು ಕೊರಗ ಬುಡಕಟ್ಟಿನವರಿರುವ ಕುಂಭಾಶಿ, ಪೆರ್ಣಾಲಿನ ದಾರಿ ಮಾತ್ರ. ಅಲ್ಲೇ ಹೆಚ್ಚು ಹೊತ್ತು ಕೂತುಬಿಟ್ಟರೆ ಸಹಿಸಿಕೊಳ್ಳಿ.

ಟೆಕ್ಸಾಸಿನ ಕಥೆ ಚಿಕ್ಕದು. ಅಧ್ಯಕ್ಷ ಲಿಂಕನ್ನರ ಗುಲಾಮ ವಿಮೋಚನೆಯ ಘೋಷಣೆ ಹೊರಬಿದ್ದದ್ದು 1863ರ ಜನವರಿ 1ಕ್ಕೆ. ಟೆಕ್ಸಾಸಿನ ಗುಲಾಮರಿಗೆ ಅದು ಮುಟ್ಟಿದ್ದು 1865ರ ಜೂನ್ 19ಕ್ಕೆ, ಜನರಲ್ ಗಾರ್ಡನ್ ಗ್ರೇಂಜರ್ ಸೇನೆ ಸಮೇತ ಗಾಲ್ವೆಸ್ಟನ್ನಿಗೆ ಬಂದು ಆದೇಶ ಹೊರಡಿಸಿದಾಗ. ಮರುವರ್ಷದಿಂದಲೇ ಅಲ್ಲಿನ ಕಪ್ಪುಜನ ಆ ದಿನವನ್ನು ಹಬ್ಬ ಮಾಡಿಕೊಂಡರು. ಪ್ರಾರ್ಥನೆ, ಹಾಡು, ಕೆಂಡದ ಮೇಲೆ ಬೇಯಿಸಿದ ಮಾಂಸ, ಕೆಂಪು ಷರಬತ್ತು. ಇಡೀ ದೇಶಕ್ಕೆ ರಜೆ ಸಿಕ್ಕಿದ್ದು 2021ರಲ್ಲಿ.

ಇದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ದಿನಾಂಕ. ದೊರೆಯ ಸಹಿ ಬಿದ್ದ ದಿನವನ್ನು ಬಿಟ್ಟು, ಮಾತು ತಮ್ಮ ಅಂಗಳಕ್ಕೆ ಬಂದ ದಿನವನ್ನು ಆ ಜನ ಹಿಡಿದುಕೊಂಡರು. ಹೀಗೆ ತಮ್ಮ ದಿನವನ್ನು ತಾವೇ ಆರಿಸಿಕೊಂಡವರು ನಮ್ಮಲ್ಲೂ ಇದ್ದಾರೆ, ನಮ್ಮದೇ ಗುಡ್ಡದ ಬದಿಯಲ್ಲಿ. ಕೊರಗರ ಮೇಲೆ ಅಜಲು ಎಂಬ ಅಮಾನವೀಯ ಪದ್ಧತಿ ಹೇರುವುದನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 2000ದಲ್ಲಿ. ಆ ಕಾಯ್ದೆಯ ದಿನವನ್ನು ಯಾವ ಕೊರಗರ ಕಾಲನಿಯಲ್ಲಾದರೂ ಹಬ್ಬ ಮಾಡುತ್ತಾರೆಯೇ? ನಾನಂತೂ ಕಂಡಿಲ್ಲ. ಅವರ ಹಬ್ಬ ಆಗಸ್ಟ್ 18ಕ್ಕೆ. 1993ರ ಆ ದಿನ ಅವರು ಭೂಮಿಗಾಗಿ ಮಂಗಳೂರಿನಲ್ಲಿ ಮೆರವಣಿಗೆ ಹೊರಟರು. ಅದರ ನೆನಪಿಗೆ ವರ್ಷವರ್ಷವೂ ನಡೆಯುವುದು ಭೂಮಿ ಹಬ್ಬ.

ಅಜಲು ಎಂದರೇನೆಂದು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೂದಲು, ಉಗುರು ಬೆರೆಸಿ ಕೊರಗರಿಗೆ ಉಣಿಸಿದ ಅನ್ನದ ಮಾತು ಹಿರಿಯರಿಗೆ ಗೊತ್ತು. ಕಂಬಳಕ್ಕೆ ಮೊದಲು ಗದ್ದೆಯಲ್ಲಿ ಕೋಣಗಳ ಹಾಗೆ ಮನುಷ್ಯರನ್ನು ಓಡಿಸಿದ್ದೂ ಗೊತ್ತು. ಕಾಯ್ದೆಯ ಪುಸ್ತಕದಲ್ಲಿ ಇವೆರಡೂ ಇವೆ. ಆದರೆ ಇವಕ್ಕಿಂತ ಮೊದಲು ಅದು ಹೇಳುವುದು ಕೂಲಿಯ ವಿಷಯ: ಕೊರಗರಿಂದ ಕೆಲಸ ಮಾಡಿಸಿ ಕೂಲಿ ಕೊಡದಿರುವುದು, ಇಲ್ಲವೇ ಬೇರೆಯವರಿಗಿಂತ ಕಡಿಮೆ ಕೊಡುವುದು. ನಾವು ಉಪನ್ಯಾಸಕರು ಅನ್ನದ ಕಥೆ ಹೇಳಿ ಸಭೆಯ ಮೈ ಜುಮ್ಮೆನ್ನಿಸುತ್ತೇವೆ, ಕೂಲಿಯ ಸಾಲನ್ನು ಹಾರಿಸಿಬಿಡುತ್ತೇವೆ.

ಕೂಲಿ ಎಂದಾಗ ನನ್ನ ಗುರುಗಳ ನೆನಪಾಗುತ್ತದೆ. ಜಾನಪದದ ಬೆನ್ನು ಹತ್ತಿ ಕಾರ್ಕಳದಿಂದ ಕಾಪುವಿನವರೆಗೆ ಬಸ್ಸಿನಲ್ಲಿ ಓಡಾಡಿದವರು. ಟೇಪ್ ರೆಕಾರ್ಡರ್ ಹೊರುವ ಕೆಲಸ ನಮ್ಮದು. ಅವರ ನೋಟುಪುಸ್ತಕದಲ್ಲಿ ಎಡಪುಟಕ್ಕೆ ಹಾಡು, ಬಲಪುಟಕ್ಕೆ ಆ ಹಾಡಿಗೆ, ಡೋಲಿನ ಬಡಿತಕ್ಕೆ ಏನು ಕೊಟ್ಟರು ಎಂಬ ಲೆಕ್ಕ. ಇಂತಿಷ್ಟು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಹಳೆಯ ಪಂಚೆ. ಕೆಲವು ಕಡೆ ಬರೀ ಒಂದು ಅಡ್ಡಗೆರೆ. ನಾವು ಹುಡುಗರು ಬೆನ್ನ ಹಿಂದೆ ಅವರಿಗೆ ಶ್ಯಾನುಭಾಗರು ಎಂದು ಹೆಸರಿಟ್ಟಿದ್ದೆವು. ಅವರು ಅಚ್ಚು ಹಾಕಿಸಿದ್ದು ಎಡಪುಟಗಳನ್ನು ಮಾತ್ರ. ಬಲಪುಟಗಳು ಏನಾದವೆಂದು ಅವರ ಮನೆಯವರಿಗೂ ಗೊತ್ತಿಲ್ಲ.

ಗ್ರೇಂಜರನ ಆದೇಶದಲ್ಲೂ ಕೂಲಿಯ ಮಾತಿದೆ. ಇನ್ನು ಮುಂದೆ ನಿಮ್ಮ ಸಂಬಂಧ ಮಾಲೀಕ ಮತ್ತು ಕೂಲಿಯವನದು, ಇದ್ದಲ್ಲೇ ಸುಮ್ಮನಿದ್ದು ಸಂಬಳಕ್ಕೆ ದುಡಿಯಿರಿ ಎಂಬ ಅರ್ಥದ ಬುದ್ಧಿವಾದ. ಭೂಮಿಯ ಸುದ್ದಿ ಅದರಲ್ಲಿಲ್ಲ. ಭೂಮಿಯ ಮಾತು ಅದೇ ವರ್ಷದ ಜನವರಿಯಲ್ಲಿ ಬೇರೊಬ್ಬ ಸೇನಾಪತಿ ಷೆರ್ಮನ್ನನ ಆದೇಶದಲ್ಲಿ ಬಂದಿತ್ತು. ದಕ್ಷಿಣದ ಕರಾವಳಿಯಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ. ಲಿಂಕನ್ ಸತ್ತ ಮೇಲೆ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ನೆಲವನ್ನು ಹಳೆಯ ಒಡೆಯರಿಗೆ ಹಿಂದಿರುಗಿಸಿದ. ನಮ್ಮ ಕಡೆಯ ಲೆಕ್ಕ ಇನ್ನೂ ಚಿಕ್ಕದು. ಕೊರಗರ ಕುರಿತ 1994ರ ಮಹಮ್ಮದ್ ಪೀರ್ ವರದಿ ಹೇಳಿದ್ದು ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ. ಕೆಲವರಿಗೆ ಸಿಕ್ಕಿದೆ. ಸಿಕ್ಕದವರು ಇವತ್ತಿಗೂ ಅದೇ ಎರಡೂವರೆ ಎಕರೆಯ ಮಾತಾಡುತ್ತಾರೆ, ತಾಲೂಕು ಕಚೇರಿಯ ಮೆಟ್ಟಿಲ ಮೇಲೆ. ಕರ್ನಾಟಕದಲ್ಲಿ ಅವರ ಒಟ್ಟು ಜನಸಂಖ್ಯೆ 2011ರ ಗಣತಿಯಲ್ಲಿ 15,000ದ ಒಳಗೆ. ಅದರಲ್ಲಿ ಕುಟುಂಬಗಳೆಷ್ಟು, ಎಷ್ಟು ನೆಲ ಬೇಕಾದೀತು, ನೀವೇ ಗುಣಿಸಿ ನೋಡಿ.

ಇನ್ನು ಕಾಲೇಜುಗಳ ವಿಷಯ. ನಮ್ಮ ಕ್ಯಾಂಪಸ್ಸುಗಳು ಹಬ್ಬಕ್ಕೆ ಬಡವಲ್ಲ. ಜುಲೈ ಕೊನೆಗೆ ಶುರುವಾಗುತ್ತದೆ ನೋಡಿ, ಆಟಿ ತಿಂಗಳ ಹಬ್ಬ, ಆಟಿಡೊಂಜಿ ದಿನ. ಪತ್ರೊಡೆ, ಕಣಿಲೆ, ತಜಂಕು, ತಿಮರೆ ಚಟ್ನಿ, ಮೆಂತೆ ಗಂಜಿ, ಹಲಸಿನ ಬೀಜದ ಪಲ್ಯ. ಬಾಳೆಲೆಯಲ್ಲಿ ಜಾಗ ಸಾಲದು. ಹೊಟ್ಟೆಗಿಲ್ಲದೆ ಸೊಪ್ಪು ಸದೆ ಕಿತ್ತು ತಿಂದ ತಿಂಗಳನ್ನು ನಾವು ಬಫೆ ಮಾಡಿದ್ದೇವೆ. ಅದಕ್ಕೆ ನನ್ನ ತಕರಾರಿಲ್ಲ, ಸಾಲಿನಲ್ಲಿ ನಿಂತು ಎರಡು ಸಲ ಹಾಕಿಸಿಕೊಳ್ಳುವವರಲ್ಲಿ ನಾನೂ ಒಬ್ಬ. ಆಟಿ ಮುಗಿದು ಸೋಣ ತಿಂಗಳು ಹಿಡಿಯುವ ಹೊತ್ತಿಗೇ ಭೂಮಿ ಹಬ್ಬ. ಆದರೆ ಅಷ್ಟರಲ್ಲಿ ಕಾಲೇಜಿನ ಶಾಮಿಯಾನ ಬಿಚ್ಚಿಯಾಗಿರುತ್ತದೆ.

ನಮ್ಮ ಅಡುಗೆಮನೆಯೇನೂ ಕೊರಗರಿಂದ ದೂರವಿರಲಿಲ್ಲ. ಕುಚ್ಚಲಕ್ಕಿಯ ಗಂಜಿ ಬಸಿಯಲು ಪಾತ್ರೆಯ ಬಾಯಿಗೆ ಒತ್ತಿ ಹಿಡಿಯುವ ಸಿಬ್ಬಲು ನೆನಪಿದೆಯೇ? ಕಾಡಿನ ಬೀಳನ್ನು ಒಂದೇ ದಪ್ಪಕ್ಕೆ ಹೆರೆದು ಹೆಣೆದದ್ದು. ತಿಳಿ ಇಳಿಯಬೇಕು, ಒಂದು ಅಗುಳೂ ಜಾರಬಾರದು, ಅಷ್ಟು ಅಂದಾಜಿನ ಕೆಲಸ. ಅದು ಒಲೆಯ ಪಕ್ಕಕ್ಕೆ ಬರುತ್ತಿತ್ತು, ಹೆಣೆದ ಹೆಂಗಸು ಅಂಗಳದಾಚೆ ನಿಂತು ಅಕ್ಕಿ ಹಾಕಿಸಿಕೊಂಡು ಹೋಗುತ್ತಿದ್ದಳು. ಮಕ್ಕಳು ಉಳಿಯದ ಮನೆಗಳಲ್ಲಿ ಹುಟ್ಟಿದ ಮಗುವಿಗೆ ಕೊರಗ, ಕೊರಪೊಳು ಎಂದು ಹೆಸರಿಟ್ಟು ಸಾವನ್ನು ದಾರಿ ತಪ್ಪಿಸಿದ ಊರಿದು. 

ನನ್ನ ನಿಜವಾದ ಜಗಳ ಡೋಲಿನದು. ಒಂದು ಕಾಲೇಜಿನ ವಾರ್ಷಿಕೋತ್ಸವ, ಹೆಸರು ಬೇಡ. ಅತಿಥಿಗಳು ಕಾರಿನಿಂದ ಇಳಿದರು. ಎದುರು ಪೂರ್ಣಕುಂಭ, ಅದರ ಮುಂದೆ ಕೊರಗರ ಡೋಲು. ನಾಲ್ಕು ಮಂದಿ, ಹೆಗಲಿಗೆ ಹಗ್ಗ, ಕೋಲಿನ ಏಟಿಗೆ ಎದೆಯೊಳಗೆ ಗುದ್ದಿದ ಹಾಗಾಗುತ್ತದೆ. ಸಭಾಂಗಣದ ಮೆಟ್ಟಿಲವರೆಗೆ ಮೆರವಣಿಗೆ. ಅಲ್ಲಿ ಡೋಲು ನಿಂತಿತು, ಅತಿಥಿಗಳು ಒಳಗೆ ಹೋದರು. ಒಳಗೆ ನಡೆದ ಭಾಷಣದ ವಿಷಯ ಬುಡಕಟ್ಟು ಸಂಸ್ಕೃತಿಯ ಉಳಿವು. ಡೋಲಿನವರು ಹೊರಗೆ ಬೈಕುಗಳ ಪಕ್ಕ ಕೂತಿದ್ದರು.

ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿಗೆ ಮೈಯೊಡ್ಡಿ ಕೂತು ಬೆಳಗಿನವರೆಗೆ ಡೋಲು ಬಡಿಯುವ ಪನಿಕುಲ್ಲುನಿಗೂ ಇದಕ್ಕೂ ಏನು ವ್ಯತ್ಯಾಸ ಮಾರಾಯ್ರೆ ಎಂದು ನಾನು ಸಂಘಟಕರಲ್ಲಿ ಎಗರಾಡಿದೆ. ಬೇರೆಯವರ ಉತ್ಸವಕ್ಕೆ ಬಾಗಿಲವರೆಗೆ ಬಡಿದು ನಿಲ್ಲುವುದು ಅಜಲಿನ ಬಾಲವೇ ಎಂದು ಆಮೇಲೆ ಒಂದು ಲೇಖನವನ್ನೂ ಬರೆದೆ. ಅದನ್ನು ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅವತ್ತು ಡೋಲಿನವರಲ್ಲಿ ಹಿರಿಯನೊಬ್ಬ ನನ್ನ ಕೂಗಾಟ ಕೇಳಿ ಅಂದದ್ದು, "ದುಡ್ಡು ಕೊಡ್ತಾರೆ ಸಾರ್, ಮೊದಲೇ ಮಾತಾಡಿದ್ದೇವೆ. ನಿಮಗೇನು ಬೇಜಾರು?" ನನ್ನ ಗುರುಗಳ ಬಲಪುಟಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಸಿಕ್ಕೀತೇ!

ಇನ್ನೊಂದು ಬದಿಯೂ ಇದೆ. ಓದಿದ ಕೊರಗ ಹುಡುಗರಲ್ಲಿ ಕೆಲವರು ಡೋಲು ಮುಟ್ಟುವುದಿಲ್ಲ. ಅಜ್ಜ ಬಡಿದದ್ದು ಸಾಕು ಎನ್ನುತ್ತಾರೆ. ಅಷ್ಟಮಿ, ನವರಾತ್ರಿಯಲ್ಲಿ ಕಂಡವರೆಲ್ಲ ಮೈಗೆ ಮಸಿ ಬಳಿದು ಕೊರಗರ ವೇಷ ಹಾಕಿ ಕುಣಿದು ದುಡ್ಡೆತ್ತುವುದನ್ನು ನೋಡಿ ಬೆಳೆದವರು ಅವರು, ಅವರ ಸಂಘಟನೆಗಳು ಅದನ್ನು ವಿರೋಧಿಸುತ್ತಲೇ ಬಂದಿವೆ. ಆದರೆ ಭೂಮಿ ಹಬ್ಬದ ಮೆರವಣಿಗೆಯಲ್ಲಿ ಮುಂದೆ ಹೋಗುವುದೂ ಅದೇ ಡೋಲು. ಮರ ಅದೇ, ಚರ್ಮ ಅದೇ, ಬಡಿತವೂ ಅದೇ. ಅಲ್ಲಿ ಮಾತ್ರ ಅದು ಯಾರನ್ನೂ ಬಾಗಿಲವರೆಗೆ ಬಿಟ್ಟು ಬರುವುದಿಲ್ಲ.

ಅವರ ಸದ್ದು ಅವರದೇ ಸಂಭ್ರಮಕ್ಕೆ ಎದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಡಿಸೆಂಬರ್ ಕೊನೆಗೆ ಕೋಟತಟ್ಟುವಿನ ಕೊರಗರ ಕಾಲನಿಯಲ್ಲಿ ಮದುವೆಯ ಮೆಹಂದಿ, ಧ್ವನಿವರ್ಧಕ ಹಾಕಿದ್ದರು. ಪೊಲೀಸರು ಬಂದು ಲಾಠಿ ಬೀಸಿದರು. ಆಮೇಲೆ ಠಾಣೆಯ ಎಸ್‌ಐ ಅಮಾನತು, ಗೃಹ ಸಚಿವರ ಭೇಟಿ, ಸಿಐಡಿ ತನಿಖೆ ಎಲ್ಲ ಆಯಿತು. ಈ ಜಿಲ್ಲೆಯಲ್ಲಿ ಮೆಹಂದಿಗೆ ಡಿಜೆ ಹಾಕದ ಮನೆ ಯಾವುದು, ಹೇಳಿ.

ಹಾಗಾಗಿ ಮಣಿಪಾಲದಲ್ಲೋ ಕಾರ್ಕಳದಲ್ಲೋ ಒಂದು ಕ್ಯಾಂಪಸ್ಸು ಆಗಸ್ಟ್ 18ನ್ನು ತನ್ನ ಕ್ಯಾಲೆಂಡರಿಗೆ ಸೇರಿಸಬೇಕು ಎಂಬುದು ನನ್ನ ಆಸೆ. ಕೊರಗರೇ ಕರೆಯುವವರು, ಕೊರಗರೇ ಬಡಿಸುವವರು, ನಾವು ಎಲೆಯ ಮುಂದೆ ಕೂರುವವರು. ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ತೋರಿಸಿದ ಕೊರಗ ಭಾಷೆಯಲ್ಲೇ ಸ್ವಾಗತ ಭಾಷಣ. ಅರ್ಥವಾಗದೆ ನಾವು ಹತ್ತು ನಿಮಿಷ ಸುಮ್ಮನೆ ಕೂತರೆ ನಷ್ಟವೇನಿಲ್ಲ.

ಆದರೆ ಹೇಳುತ್ತಾ ಹೇಳುತ್ತಾ ನನಗೇ ಅನುಮಾನ. ಅಮೆರಿಕದಲ್ಲೂ ರಜೆ ಸಿಕ್ಕಿದ ಮೇಲೆ ಅಂಗಡಿಗಳು ಜೂನ್‌ಟೀಂತ್ ಐಸ್‌ಕ್ರೀಮ್ ಮಾರಲು ಹೊರಟು ಬೈಗುಳ ತಿಂದವು. ನಾವು ಭೂಮಿ ಹಬ್ಬವನ್ನು ಕ್ಯಾಂಪಸ್ಸಿಗೆ ತಂದರೆ ಅದೂ ಪತ್ರೊಡೆಯ ಸಾಲಿಗೆ ಸೇರುವುದಿಲ್ಲವೇ? ಎರಡೂವರೆ ಎಕರೆಯ ಮಾತನ್ನು ಆ ವೇದಿಕೆಯಲ್ಲಿ ಎತ್ತಲು ಪ್ರಾಂಶುಪಾಲರು ಬಿಡುತ್ತಾರೆಯೇ? ಡೋಲು ಬೇಕೆನ್ನುವ ಅಜ್ಜ, ಬೇಡವೆನ್ನುವ ಮೊಮ್ಮಗ ಇಬ್ಬರೂ ಬಂದರೆ ಯಾರ ಮಾತು ನಡೆಯಬೇಕು, ಅದನ್ನು ತೀರ್ಮಾನಿಸಲು ನಾನ್ಯಾರು? ಇಷ್ಟಕ್ಕೂ, ನಮ್ಮ ಹಬ್ಬ ನಿಮ್ಮ ಕಾಲೇಜಿಗೆ ಯಾಕೆ ಬೇಕು ಎಂದು ಅವರು ನೇರವಾಗಿ ಕೇಳಿದರೆ ಏನು ಹೇಳಲಿ? ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಚಹಾಕ್ಕೆ ಮೊದಲೇ ಹೇಳಿ.