ಗೋಲಿಯಾಟದ ಹಳೆಯ ಚಿತ್ರಗಳು

(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಭೆಯಲ್ಲಿ ಗೋಲಿಯ ಮಾತೇಕೆಂದು ಕೆಲವರು ಮುಗುಳ್ನಗುತ್ತಿದ್ದೀರಿ. ನಗಬಹುದು. ಬೋನಸ್ಸಿನ ವಿಚಾರವನ್ನು ಕಾರ್ಯದರ್ಶಿಗಳು ಆಗಲೇ ಹೇಳಿ ಮುಗಿಸಿದ್ದಾರೆ.

ನನ್ನ ಕೈಯಲ್ಲಿರುವುದು ಒಂದು ಬಣ್ಣದ ಚಿತ್ರದ ಪ್ರತಿ. ೧೯೪೨ರ ಜನವರಿಯಲ್ಲಿ ಆರ್ಥರ್ ರಾತ್‌ಸ್ಟೀನ್ ಎಂಬ ಛಾಯಾಗ್ರಾಹಕರು ಅಮೆರಿಕದ ಟೆಕ್ಸಾಸ್ ಪ್ರಾಂತದ ರಾಬ್ಸ್‌ಟೌನಿನಲ್ಲಿ ತೆಗೆದದ್ದು. ಅದು ಹತ್ತಿ, ತರಕಾರಿ ಬೆಳೆಯುವ ಸೀಮೆ. ಸುಗ್ಗಿಯ ಹಿಂದೆ ಊರೂರು ಅಲೆಯುವ ಕೂಲಿಗಾರರಿಗೆಂದು ಸರಕಾರವೇ ಅಲ್ಲೊಂದು ಶಿಬಿರ ಕಟ್ಟಿಸಿತ್ತು. ಆ ಶಿಬಿರದ ಹುಡುಗರು ಗೋಲಿಯಾಡುತ್ತಿದ್ದಾರೆ.

ಅಲ್ಲಿಯವರು ಮುಷ್ಟಿಯನ್ನು ನೆಲಕ್ಕೂರಿ ಹೆಬ್ಬೆರಳಿನಿಂದ ಗೋಲಿ ಚಿಮ್ಮುತ್ತಾರೆ. ನಾವೋ, ಬೆರಳನ್ನು ಬಿಲ್ಲಿನಂತೆ ಹಿಂದಕ್ಕೆಳೆದು ಬಿಡುವವರು. ನನ್ನ ಮಟ್ಟಿಗೆ ನಮ್ಮದೇ ಗುರಿ ಹೆಚ್ಚು. ಇದರಲ್ಲಿ ಪಕ್ಷಪಾತವಿದ್ದರೆ ಕ್ಷಮಿಸಿ.

ಕೂಲಿಗಾರರ ಮಕ್ಕಳ ಆಟಕ್ಕೆ ಫಿಲ್ಮು ಖರ್ಚು ಮಾಡಿದವರು ಯಾರು? ೧೯೩೫ರಿಂದ ಅಲ್ಲಿಯ ಸರಕಾರ ಸಂಬಳ ಕೊಟ್ಟು ಛಾಯಾಗ್ರಾಹಕರನ್ನು ಹಳ್ಳಿಗಾಡಿಗೆ ಕಳಿಸುತ್ತಿತ್ತು. ಬಡ ರೈತರ ಪಾಡನ್ನು ಪಟ್ಟಣದವರಿಗೆ ತೋರಿಸಿ, ಪರಿಹಾರದ ಕೆಲಸಕ್ಕೆ ಜನರ ಒಪ್ಪಿಗೆ ಪಡೆಯುವುದು ಉದ್ದೇಶ. ಹಾಗೆ ಕೂಡಿದ ಚಿತ್ರಗಳು ಲಕ್ಷಕ್ಕೂ ಮೀರಿ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಯಾರು ಬೇಕಾದರೂ ನೋಡಬಹುದು.

ಆದರೆ ಶೀರ್ಷಿಕೆ ನೋಡಿ: ಗೋಲಿಯಾಡುತ್ತಿರುವ ಹುಡುಗರು, ಕೂಲಿಗಾರರ ಶಿಬಿರ, ರಾಬ್ಸ್‌ಟೌನ್. ಅಷ್ಟೇ. ಚಿತ್ರ ತೆಗೆದವರ ಹೆಸರುಂಟು, ಊರುಂಟು, ತಿಂಗಳುಂಟು. ಹುಡುಗರ ಹೆಸರಿಲ್ಲ. ಅವರ ತಾಯಿಗೆ ಈ ಚಿತ್ರದ ಒಂದು ಪ್ರತಿಯಾದರೂ ಸಿಕ್ಕಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಚಾಳುಗಳಿಗೆ ಅಂಥ ಸಂಬಳದ ಛಾಯಾಗ್ರಾಹಕನೂ ಬರಲಿಲ್ಲ. ಫೋಟೋ ಎಂದರೆ ಸ್ಟುಡಿಯೋ. ಎಣ್ಣೆ ಹಚ್ಚಿ ಬಾಚಿದ ತಲೆ, ಉಸಿರು ಬಿಗಿಹಿಡಿದ ಮುಖ. ಆಡುವ ಮಕ್ಕಳಿಗಾಗಿ ಯಾರು ದುಡ್ಡು ಸುರಿದಾರು?

ನನ್ನ ಬಳಿ ಒಂದುಂಟು, ಅದೂ ಆಕಸ್ಮಿಕ. ೧೯೬೬ರಲ್ಲಿ ನಮ್ಮ ಸೋದರಮಾವ ಮದುವೆಯೊಂದಕ್ಕೆಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಕೇಳಿ ತಂದಿದ್ದರು. ರೋಲಿಗೆ ಹನ್ನೆರಡೇ ಚಿತ್ರ. ಹನ್ನೊಂದು ಮದುವೆಗೆ ಆದವು. ಉಳಿದೊಂದನ್ನು ಮುಗಿಸದೆ ರೋಲು ತೊಳೆಯಲು ಕೊಡುವಂತಿಲ್ಲವಲ್ಲ! ಲಾಲ್‌ಬಾಗಿನ ನಮ್ಮ ಚಾಳಿನ ಅಂಗಳದಲ್ಲಿ ಗೋಲಿಯಾಡುತ್ತಿದ್ದ ಐವರ ಕಡೆಗೆ ತಿರುಗಿಸಿ ಒತ್ತಿಬಿಟ್ಟರು. ಗೋಲಿಗಳೆಲ್ಲ ಒಡೆದ ಸೋಡಾ ಬಾಟಲಿಯವು, ಹಸಿರು ಗಾಜಿನವು. ಚಿತ್ರದಲ್ಲಿ ಹಸಿರು ಕಾಣುವುದಿಲ್ಲ. ನನಗೆ ಗೊತ್ತು ಅಷ್ಟೆ. ಕುಣಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವನು ನಾನು. ನಮ್ಮ ಹಿಂದೆ, ರಾತ್ರಿ ಪಾಳಿ ಮುಗಿಸಿ ಬಂದ ನಮ್ಮಪ್ಪ ಗೋಡೆಗೊರಗಿ ಆಟ ನೋಡುತ್ತಿದ್ದಾರೆ. ಕೆಲಸವಿಲ್ಲದೆ ಸುಮ್ಮನೆ ನಿಂತ ಅವರ ಚಿತ್ರ ನಮ್ಮ ಮನೆಯಲ್ಲಿ ಇದೊಂದೇ.

೧೯೮೨ರ ಮುಷ್ಕರದ ನಂತರ ಅಪ್ಪನ ಗಿರಣಿ ಮತ್ತೆ ತೆರೆಯಲಿಲ್ಲ. ಚಾಳೂ ಈಗಿಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಮನೆಯ ಟ್ರಂಕಿನಲ್ಲಿರುವ ಫೋಟೋಗಳನ್ನು ಈ ತಿಂಗಳು ಹೊರತೆಗೆಯಿರಿ. ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯಿರಿ. ಶಾಯಿ ಬೇಡ, ಮುಂಬದಿಗೆ ಒಸರುತ್ತದೆ. ಮನೆಯವರ ಹೆಸರಷ್ಟೇ ಅಲ್ಲ, ನೆರೆಯವರದೂ ಬರೆಯಿರಿ.

ನನ್ನ ಚಿತ್ರವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುತ್ತೇನೆ. ನಾಲ್ವರ ಹೆಸರು ಬರೆದಾಗಿದೆ. ಎಡದಿಂದ ಎರಡನೆಯವನದು, ಎಷ್ಟು ತಿಣುಕಿದರೂ ನೆನಪಾಗಲೊಲ್ಲದು. ತೆಲುಗರ ಹುಡುಗ, ಕೆಳಗಿನ ಮಾಳಿಗೆಯವನು, ನನ್ನ ಗೋಲಿಗಳನ್ನೆಲ್ಲ ಗೆದ್ದುಕೊಂಡವನು. ಆ ಚಾಳಿನ ಬಳಕೆಯಿದ್ದವರು ಹೊರಡುವ ಮುಂಚೆ ಒಮ್ಮೆ ನೋಡಿ ಹೇಳಬೇಕು.