ಆಟದ ಬಯಲೂ ಗಂಡಸುತನವೂ



ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ದಾವಣಗೆರೆಯ ಕಾಲೇಜಿಗೆ ಓದಲು ಬಂದ ಹುಡುಗನೊಬ್ಬನನ್ನು ತಾವು ಕಲ್ಪಿಸಿಕೊಳ್ಳಬೇಕು. ಮಳೆಯನ್ನೇ ನಂಬಿ ಬೇಸಾಯ ಮಾಡುವ ಸೀಮೆಯವನು, ಕಬಡ್ಡಿಯಲ್ಲಿ ಗಟ್ಟಿಗ. ಹಾಸ್ಟೆಲಿನ ಮೊದಲನೆಯ ರಾತ್ರಿಯೇ ಹಿರಿಯ ವಿದ್ಯಾರ್ಥಿಗಳು ಅವನ ಊರನ್ನು ವಿಚಾರಿಸಿ, 'ಹಾಗಾದರೆ ಸೊಕ್ಕಿನವನೋ?' ಎಂದು ನಗುತ್ತಾರೆ. ಸೊಕ್ಕು ಅವನು ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿಯಲ್ಲ. ಅದನ್ನು ಬಡಿಸುವುದು ಆ ಕೋಣೆಯಲ್ಲಿ.

ಕೆಲವು ದಿನಗಳಲ್ಲಿ ಅವನು ಕಾಲೇಜಿನ ತಂಡಕ್ಕೆ ಸೇರುತ್ತಾನೆ. ಬಯಲಿನಲ್ಲಿ ಸ್ಥಾನ ದೊರೆತದ್ದು ಅವನ ಚಾತುರ್ಯದಿಂದ. ಆದರೆ ಆಟ ಮುಗಿದ ಮೇಲಿನ ಗೋಷ್ಠಿಯಲ್ಲಿ ಸ್ಥಾನ ದೊರೆಯಬೇಕಾದರೆ ಬೇರೊಂದು ಸುಂಕವನ್ನು ತೆರಬೇಕು. ಸಹಪಾಠಿನಿಯರನ್ನು ಕುರಿತು ಯಾರೋ ಆಡಿದ ಹೊಲಸು ಮಾತಿಗೆ ನಗಬೇಕು. ಹೊಸಬನನ್ನು ನಿಲ್ಲಿಸಿ ಗೋಳಾಡಿಸುವಾಗ ಕೈಗೂಡಿಸಬೇಕು. ನಗದವನು ಗಂಡಸಲ್ಲವೆಂದು ತೀರ್ಪು. ನನ್ನ ವಿದ್ಯಾರ್ಥಿದೆಶೆಯಲ್ಲಿ ನಾನೂ ನಕ್ಕವನೇ. ಆ ನಗೆಯನ್ನು ನೆನೆದರೆ ಈಗಲೂ ಮೋರೆ ಬಿಸಿಯಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಕಾಣುವ ರೋಗವಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ವಾಂಸೆಯರಿಬ್ಬರು 40 ಮಂದಿ ವಿದ್ಯಾರ್ಥಿನಿಯರೊಡನೆ ಮಾತನಾಡಿ, ಅಲ್ಲಿನ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕಾಗಿ 2013ರಲ್ಲಿ ಒಂದು ವರದಿಯನ್ನು ಸಿದ್ಧಪಡಿಸಿದರು. ಹಿಂಡುಗೂಡುವಿಕೆ, ಕ್ರೀಡೆ, ಕುಡಿತ, ಕೀಳು ಪರಿಹಾಸ್ಯ ಇವು ಅದರಲ್ಲಿ ಒಂದೇ ಹಗ್ಗದ ಎಳೆಗಳಾಗಿ ಹೆಣೆದುಕೊಂಡಿವೆ. ನಮ್ಮ ಕಡೆಯ ನಿದರ್ಶನ ಬೇಕಾದರೆ, 2019ರ ಜನವರಿಯಲ್ಲಿ ದೂರದರ್ಶನದ ವಿನೋದಗೋಷ್ಠಿಯೊಂದರಲ್ಲಿ ಸ್ತ್ರೀಯರ ವಿಷಯವಾಗಿ ನಡೆದ ಮಾತುಕತೆಗಾಗಿ ಹಾರ್ದಿಕ್ ಪಾಂಡ್ಯರನ್ನೂ ಕರ್ನಾಟಕದ ಕೆ. ಎಲ್. ರಾಹುಲರನ್ನೂ ಕ್ರಿಕೆಟ್ ಮಂಡಲಿಯು ಅಮಾನತಿನಲ್ಲಿಟ್ಟಿತು. ಏಪ್ರಿಲಿನಲ್ಲಿ ತಲೆಗೆ 20 ಲಕ್ಷ ರೂಪಾಯಿ ದಂಡವೂ ಬಿತ್ತು. ಹಾಸ್ಟೆಲಿನ ಮಾತು ದೀಪದ ಬೆಳಕಿಗೆ ಬಂದರೆ ಹೇಗೆ ಕಾಣುವುದೆಂಬುದು ಅಂದು ಮನೆಮನೆಗೂ ತಿಳಿಯಿತು.

'ಹುಡುಗರಲ್ಲವೆ, ಗಂಡುಮಕ್ಕಳ ಆಟ' ಎನ್ನುವ ಹಿರಿಯರಿಗೆ ನಾನು ಗರಡಿಯನ್ನು ನೆನಪು ಮಾಡಿಕೊಡುತ್ತೇನೆ. ಗರಡಿಯು ಋಷ್ಯಾಶ್ರಮವಾಗಿತ್ತೆಂದಲ್ಲ, ಹೆಣ್ಣುಮಕ್ಕಳನ್ನು ಅದು ಬಹುಕಾಲ ಹೊರಗೇ ನಿಲ್ಲಿಸಿತು, ಜಂಭದ ಪೈಲ್ವಾನರಿಗೂ ಅಲ್ಲಿ ಬರವಿರಲಿಲ್ಲ. ಆದರೆ ಮೈಸೂರು ದಸರೆಯ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದನ್ನು ಕಂಡವರು ಬಲ್ಲರು: ಸರಿಸಮನಾದ ಎದುರಾಳಿ ದೊರೆತ ಹೊರತು ಅಖಾಡಕ್ಕಿಳಿಯುವಂತಿಲ್ಲ. ಎಳೆಯ ಹುಡುಗನನ್ನು ಕೆಡವಿದ ಪೈಲ್ವಾನನನ್ನು ಮೆಚ್ಚಿ ಯಾರೂ ಪೇಟ ತೊಡಿಸಲಾರರು. ಹಾಸ್ಟೆಲಿನ ಪೌರುಷಕ್ಕೆ ಮಾತ್ರ ಜೋಡಿಯೇ ಬೇಡ. ಎದುರಿಗೆ ನಿಂತವನು ನಿನ್ನೆ ಬಂದ ಹೊಸಬ. ಮಾತಿಗೆ ಗುರಿಯಾದವಳು ಸ್ಥಳದಲ್ಲಿಯೇ ಇಲ್ಲ.

ಕಾನೂನಿಲ್ಲವೆ? ಇದೆ. ಹೊಸಬರನ್ನು ಪೀಡಿಸುವುದು 1983ರ ಕರ್ನಾಟಕ ಶಿಕ್ಷಣ ಅಧಿನಿಯಮದಂತೆ ಅಪರಾಧ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಮಾಡಿದ ನಿಯಮಗಳಂತೆ ವಿದ್ಯಾರ್ಥಿಯೂ ಅವನ ತಂದೆತಾಯಿಗಳೂ ಪ್ರಮಾಣಪತ್ರವನ್ನು ಬರೆದುಕೊಡಬೇಕು. ಸೊಕ್ಕೆಯ ತಂದೆಯೂ ಅದಕ್ಕೆ ರುಜು ಹಾಕಿಯೇ ಮಗನನ್ನು ಬಿಟ್ಟುಹೋಗಿದ್ದಾನೆ. ಆದರೆ ನಗೆಯನ್ನು ಕುರಿತು ಆ ಕಾಗದದಲ್ಲಿ ಏನೂ ಇಲ್ಲ.

ಪ್ರತಿದಿನ ಸಂಜೆ ಆ ಹುಡುಗ ದಮ್ಮು ಕಟ್ಟಿ, ಏಳು ಮಂದಿ ಕಾದು ನಿಂತಿರುವ ಅಂಕಣಕ್ಕೆ ಒಬ್ಬನೇ ನುಗ್ಗುತ್ತಾನೆ, ಮುಟ್ಟಿ ಹಿಂದಿರುಗುತ್ತಾನೆ. ರಾತ್ರಿ ಕೋಣೆಯಲ್ಲಿ ಅಷ್ಟೇ ಮಂದಿಯ ನಡುವೆ, ಎಲ್ಲರೂ ನಗುತ್ತಿರುವಾಗ, ನಗದೆ ಕುಳಿತಿರುವುದು ಅವನಿಂದ ಇನ್ನೂ ಆಗಿಲ್ಲ.